ಆಲ್ಪ್ಸ್ ತಪ್ಪಲಿನ ಬೇಸಗೆಯ ಆಲಿಕಲ್ಲು ಮಳೆಗಳು: ಸಾಕ್ಷ್ಯವಿಚಾರದ ಒಂದು ಚರಿತ್ರೆ

1

ಐರೋಪ್ಯ ಇತಿಹಾಸವನ್ನು ಬೋಧಿಸುವಾಗ ಆಲ್ಪ್ಸ್ ಪರ್ವತಗಳನ್ನು ನಾವು ಸಾಮಾನ್ಯವಾಗಿ ದಂಡಯಾತ್ರೆಗಳ ಸಂದರ್ಭದಲ್ಲಿಯೇ ಸ್ಮರಿಸುತ್ತೇವೆ. ಹ್ಯಾನಿಬಲನು ಆನೆಗಳೊಡನೆ ಅವುಗಳನ್ನು ದಾಟಿದುದು, ನೆಪೋಲಿಯನ್ 1800ರ ಮೇ ತಿಂಗಳಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟದ ಮೂಲಕ ಇಟಲಿಗೆ ಇಳಿದುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿಗಳು. ಆದರೆ ಆ ಪರ್ವತಗಳ ತಪ್ಪಲಿನಲ್ಲಿ ನೆಲವನ್ನು ಉತ್ತು ಗೋಧಿಯನ್ನೂ ದ್ರಾಕ್ಷಿಯನ್ನೂ ಬೆಳೆದ ಜನರು ದಂಡುಗಳಿಗೆ ಹೆದರುತ್ತಿದ್ದಂತೆಯೇ ಮತ್ತೊಂದು ಶತ್ರುವಿಗೂ ಹೆದರುತ್ತಿದ್ದರು. ದಂಡು ಬರುವುದು ತಲೆಮಾರಿಗೊಮ್ಮೆ. ಈ ಶತ್ರು ಪ್ರತಿ ಬೇಸಗೆಯಲ್ಲಿಯೂ ಅಪರಾಹ್ನದ ವೇಳೆಗೆ ಪರ್ವತಗಳ ನೆತ್ತಿಯ ಮೇಲೆ ಹುಟ್ಟಿ, ಸಂಜೆಯೊಳಗೆ ತಪ್ಪಲಿಗೆ ಇಳಿಯುತ್ತಿದ್ದಿತು. ಅದೇ ಗುಡುಗು ಸಿಡಿಲುಗಳಿಂದ ಕೂಡಿದ ಆಲಿಕಲ್ಲಿನ ಮಳೆ.

ಪ್ರಕೃತಿಯ ವಿಕೋಪಗಳು ಇತಿಹಾಸಕಾರನ ಕ್ಷೇತ್ರಕ್ಕೆ ಸೇರಿದುವಲ್ಲವೆಂದು ಕೆಲವರು ಭಾವಿಸಬಹುದು. ಆಲಿಕಲ್ಲಿಗೆ ಇತಿಹಾಸವಿಲ್ಲವೆಂಬುದು ನಿಜ. ಆದರೆ ಆಲಿಕಲ್ಲಿನ ವಿಷಯದಲ್ಲಿ ಮನುಷ್ಯನು ಏನನ್ನು ನಂಬಿದನು, ಆ ನಂಬಿಕೆಗೆ ಯಾವುದನ್ನು ಆಧಾರವೆಂದು ಅಂಗೀಕರಿಸಿದನು, ಅದರ ಫಲವಾಗಿ ಯಾರನ್ನು ದಂಡಿಸಿದನು ಎಂಬುದಕ್ಕೆ ಸುದೀರ್ಘವಾದ ಇತಿಹಾಸವಿದೆ. ಆಲ್ಪ್ಸ್ ಸೀಮೆಯ ಸುಮಾರು ಹನ್ನೆರಡು ಶತಮಾನಗಳ ದಾಖಲೆಗಳನ್ನು ಪರಿಶೀಲಿಸಿದರೆ ಎರಡು ಪ್ರಶ್ನೆಗಳು ನಮ್ಮ ಗಮನವನ್ನು ಸೆಳೆಯುತ್ತವೆ. "ಇದನ್ನು ನೀನು ಕಣ್ಣಾರೆ ಕಂಡೆಯಾ?" ಎಂಬುದು ಮೊದಲನೆಯ ಪ್ರಶ್ನೆ. "ಹೀಗೆ ಮಾಡದೆ ಇದ್ದಿದ್ದರೆ ಏನಾಗುತ್ತಿದ್ದಿತು?" ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದರಿಂದ ಎರಡನೆಯದಕ್ಕೆ ಬಂದು ಮುಟ್ಟಲು ಆ ಸೀಮೆಯ ಜನಕ್ಕೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ದಾರಿಯ ಮುಖ್ಯ ಘಟ್ಟಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶ.

2

ಮೊದಲು ಆ ಸೀಮೆಯ ಬೇಸಗೆಯ ಸ್ವರೂಪವನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯಕ. ಆಲ್ಪ್ಸ್ ಶ್ರೇಣಿ ಮೆಡಿಟರೇನಿಯನ್ ತೀರದ ನೀಸ್ ನಗರದ ಸಮೀಪದಿಂದ ವಿಯೆನ್ನಾ ನಗರದ ಹತ್ತಿರದವರೆಗೆ ಸುಮಾರು 1,200 ಕಿಲೋಮೀಟರುಗಳ ಉದ್ದಕ್ಕೆ ಬಿಲ್ಲಿನಂತೆ ಬಾಗಿ ಹಬ್ಬಿದೆ. ಅಲ್ಲಿ ಬೇಸಗೆಯೆಂದರೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳು. ಮುಂಜಾನೆ ಆಕಾಶ ನಿರ್ಮಲವಾಗಿರುತ್ತದೆ. ಬಿಸಿಲೇರಿದಂತೆ ಪರ್ವತದ ಇಳಿಜಾರುಗಳು ಕಾಯುತ್ತವೆ. ಅವುಗಳನ್ನು ಸೋಕಿದ ಗಾಳಿ ಹಗುರವಾಗಿ ಮೇಲೇಳುತ್ತದೆ. ಅದರ ಸ್ಥಾನವನ್ನು ತುಂಬಲು ಕಣಿವೆಯ ಗಾಳಿ ಮೇಲ್ಮುಖವಾಗಿ ಹರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಮೇಲೆ ಹತ್ತಿಯ ರಾಶಿಗಳಂತಹ ಮೋಡಗಳು ಏಳುತ್ತವೆ. ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ಅವು ಗೋಪುರಗಳಂತೆ ಬೆಳೆದು ಅಪರಾಹ್ನದಲ್ಲಿ ಗುಡುಗತೊಡಗುತ್ತವೆ. ಇಂಥ ಮೋಡಗಳೊಳಗಿನ ಪ್ರಬಲವಾದ ಊರ್ಧ್ವಪ್ರವಾಹ ಹಿಮದ ಕಣಗಳನ್ನು ಎತ್ತಿ ಹಿಡಿಯುತ್ತದೆ. ಘನೀಭವನಬಿಂದುವಿಗಿಂತ ಕೆಳಗೆ ತಣಿದಿದ್ದರೂ ಇನ್ನೂ ದ್ರವವಾಗಿಯೇ ಉಳಿದಿರುವ ನೀರಿನ ಹನಿಗಳು ಆ ಕಣಗಳಿಗೆ ತಗುಲಿ ಹೆಪ್ಪುಗಟ್ಟುತ್ತವೆ. ಗಾಳಿ ಹೊರಲಾರದಷ್ಟು ತೂಕವಾದಾಗ ಅವು ಆಲಿಕಲ್ಲುಗಳಾಗಿ ನೆಲಕ್ಕೆ ಬೀಳುತ್ತವೆ.

ಆಲಿಕಲ್ಲಿನ ಎರಡು ಗುಣಗಳನ್ನು ನಾವು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಅದು ಬೀಳುವ ಕಾಲ. ನಮ್ಮ ಮಲೆನಾಡಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳ ಮಳೆ ಕಾಫಿಯ ಹೂವನ್ನು ಅರಳಿಸುತ್ತದೆ. ಅದು ಗುಡುಗು ಸಿಡಿಲುಗಳೊಡನೆ ಬಂದರೂ ಬೆಳೆಗಾರನು ಅದಕ್ಕಾಗಿ ಕಾದಿರುತ್ತಾನೆ. ಆಲ್ಪ್ಸ್ ತಪ್ಪಲಿನಲ್ಲಾದರೋ ಬೇಸಗೆಯ ಮಳೆಗಾಳಿ ಬರುವುದು ಪೈರು ನಿಂತಿರುವಾಗ, ದ್ರಾಕ್ಷಿಯ ಗೊಂಚಲು ತುಂಬಿಕೊಳ್ಳುತ್ತಿರುವಾಗ. ಕಾಲುಗಂಟೆಯ ಆಲಿಕಲ್ಲು ವರ್ಷದ ದುಡಿಮೆಯನ್ನು ನೆಲಸಮ ಮಾಡಬಲ್ಲದು. ಬಳ್ಳಿಯ ಕಾಂಡವೇ ಸೀಳಿಹೋದರೆ ಮುಂದಿನ ವರ್ಷದ ಫಲವೂ ಹಾಳು. ಎರಡನೆಯದಾಗಿ, ಅದು ಬೀಳುವ ರೀತಿ. ಆಲಿಕಲ್ಲು ನಾಡೆಲ್ಲಕ್ಕೂ ಸಮವಾಗಿ ಬೀಳುವುದಿಲ್ಲ. ಕಿರಿದಾದ ಪಟ್ಟಿಗಳಲ್ಲಿ ಬೀಳುತ್ತದೆ. ಒಂದು ಹಳ್ಳಿಯ ತೋಟ ಚಿಂದಿಯಾಗುತ್ತದೆ, ಹಳ್ಳದ ಆಚೆಯ ತೋಟದಲ್ಲಿ ಎಲೆಯೂ ಅಲುಗುವುದಿಲ್ಲ. ಬರಗಾಲ ಬಂದರೆ ಎಲ್ಲರಿಗೂ ಬಂದಿತೆಂಬ ಸಮಾಧಾನವಾದರೂ ಉಂಟು. ಆಲಿಕಲ್ಲು ಆರಿಸಿಕೊಂಡು ಹೊಡೆದಂತೆ ತೋರುತ್ತದೆ. "ನಮಗೇ ಏಕೆ?" ಎಂಬ ಪ್ರಶ್ನೆ ಏಳುವುದು ಅನಿವಾರ್ಯ. ಆ ಪ್ರಶ್ನೆಯಿಂದ "ಯಾರು ಮಾಡಿದರು?" ಎಂಬ ಪ್ರಶ್ನೆಗೆ ಒಂದೇ ಹೆಜ್ಜೆ.

3

ಈ ಪ್ರಶ್ನೆಗೆ ಸಂಬಂಧಿಸಿದ ಅತ್ಯಂತ ಮಹತ್ವದ ಪ್ರಾಚೀನ ದಾಖಲೆ ಕ್ರಿ. ಶ. ಒಂಬತ್ತನೆಯ ಶತಮಾನದ ಆದಿಭಾಗದ್ದು. ಆಲ್ಪ್ಸ್ ಪರ್ವತಗಳ ಪಶ್ಚಿಮಕ್ಕೆ, ರೋನ್ ನದಿಯ ದಡದಲ್ಲಿರುವ ಲಿಯಾನ್ ನಗರದ ಆರ್ಚ್‌ಬಿಷಪ್ಪನಾಗಿದ್ದ ಅಗೋಬಾರ್ಡ್ ಎಂಬ ವಿದ್ವಾಂಸನು ಸುಮಾರು 815-17ರಲ್ಲಿ ಆಲಿಕಲ್ಲು ಮತ್ತು ಗುಡುಗುಗಳನ್ನು ಕುರಿತ ಜನರ ತಪ್ಪು ನಂಬಿಕೆಗಳನ್ನು ಖಂಡಿಸಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಬರೆದನು. ಆ ಕಾಲದಲ್ಲಿ ಉಚ್ಚನೀಚರೆಂಬ ಭೇದವಿಲ್ಲದೆ ಎಲ್ಲರೂ ಮಂತ್ರಬಲದಿಂದ ಮಳೆಗಾಳಿಯನ್ನು ಎಬ್ಬಿಸಬಲ್ಲ ಜನರಿದ್ದಾರೆಂದು ನಂಬಿದ್ದರಂತೆ. ಮಗೋನಿಯಾ ಎಂಬ ದೇಶದಿಂದ ಹಡಗುಗಳು ಮೋಡಗಳ ಮೇಲೆ ತೇಲಿ ಬಂದು, ಆಲಿಕಲ್ಲಿನಿಂದ ಉದುರಿದ ಬೆಳೆಯನ್ನು ಕೊಂಡೊಯ್ಯುತ್ತವೆಂಬುದೂ ಆ ನಂಬಿಕೆಯ ಒಂದು ಭಾಗ. ಬಿರುಗಾಳಿಯಿಂದ ತಮ್ಮ ಹೊಲಗಳನ್ನು ಕಾಪಾಡಬಲ್ಲೆವೆಂದು ಹೇಳಿಕೊಳ್ಳುವವರಿಗೆ ರೈತರು ಬೆಳೆಯಲ್ಲಿ ಒಂದು ಪಾಲನ್ನು ಕೊಡುತ್ತಿದ್ದರು. ಒಮ್ಮೆ ಮೂವರು ಗಂಡಸರನ್ನೂ ಒಬ್ಬ ಹೆಂಗಸನ್ನೂ ಆ ಹಡಗುಗಳಿಂದ ಬಿದ್ದವರೆಂದು ಹಿಡಿದು, ಸರಪಳಿಯಲ್ಲಿ ಬಂಧಿಸಿ, ಕಲ್ಲೆಸೆದು ಕೊಲ್ಲುವುದಕ್ಕೆಂದು ತನ್ನ ಮುಂದೆ ಕರೆತಂದುದನ್ನೂ, ಬಹಳ ವಾದವಿವಾದಗಳ ಅನಂತರ ಸತ್ಯಕ್ಕೆ ಜಯವಾದುದನ್ನೂ ಅಗೋಬಾರ್ಡ್ ವರ್ಣಿಸಿದ್ದಾನೆ.

ಇತಿಹಾಸದ ವಿದ್ಯಾರ್ಥಿಗೆ ಈ ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿ ಬೇರೊಂದಿದೆ. ಬಿರುಗಾಳಿಯನ್ನು ಎಬ್ಬಿಸುವವರನ್ನು ಬಲ್ಲೆವೆಂದು ಹೇಳುವವರು ಅನೇಕರಿದ್ದರೂ, ತಾನೇ ಕಂಡೆನೆನ್ನುವ ಒಬ್ಬನೂ ತನಗೆ ದೊರೆಯಲಿಲ್ಲವೆಂದು ಅಗೋಬಾರ್ಡ್ ಹೇಳುತ್ತಾನೆ. ಕಡೆಗೆ ಅಂಥವನೊಬ್ಬನಿದ್ದಾನೆಂದು ಕೇಳಿ, ಅವನನ್ನು ಹುಡುಕಿಸಿ, ಸತ್ಯವನ್ನೇ ನುಡಿಯಬೇಕೆಂದು ಆಣೆಯಿಟ್ಟು ಪ್ರಶ್ನಿಸಿದನು. ಆ ಮನುಷ್ಯನು ಮಂತ್ರವಾದಿಯ ಹೆಸರನ್ನೂ ಕಾಲವನ್ನೂ ಸ್ಥಳವನ್ನೂ ಹೇಳಿದನು. ಆದರೆ ಆ ಹೊತ್ತಿನಲ್ಲಿ ತಾನು ಅಲ್ಲಿರಲಿಲ್ಲವೆಂದು ಒಪ್ಪಿಕೊಂಡನು. ಅಗೋಬಾರ್ಡನು ಕೊಟ್ಟ ಉತ್ತರ, ಎಂದರೆ ಮಳೆಗಾಳಿಗಳಿಗೆ ದೇವರೊಬ್ಬನೇ ಒಡೆಯನೆಂಬುದು, ಧರ್ಮಗ್ರಂಥದಿಂದ ಬಂದುದು. ಆದರೆ ಅವನು ಕೇಳಿದ ಪ್ರಶ್ನೆ ಸಾಕ್ಷ್ಯವಿಮರ್ಶೆಗೆ ಸೇರಿದುದು. ಆ ಪ್ರಶ್ನೆಯಿಂದ ನಾಲ್ಕು ಜೀವಗಳು ಉಳಿದುವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಅಗೋಬಾರ್ಡನ ಮಾರ್ಗ ಅವನ ಅನಂತರ ಉಳಿಯಲಿಲ್ಲ. ಹದಿನೈದನೆಯ ಶತಮಾನದಲ್ಲಿ ಮಾಟಗಾತಿಯರ ವಿಚಾರಣೆಗಳು ಆಲ್ಪ್ಸ್ ಕಣಿವೆಗಳಲ್ಲಿಯೂ ಅವುಗಳ ಸುತ್ತಲೂ ಹಬ್ಬಿದಾಗ, ಸಾಕ್ಷಿಯನ್ನು ಹುಡುಕುವ ಶ್ರಮವನ್ನು ನ್ಯಾಯಾಧೀಶರು ತೆಗೆದುಕೊಳ್ಳಲಿಲ್ಲ. ಚಿತ್ರಹಿಂಸೆಯಿಂದ ಸಾಕ್ಷ್ಯವನ್ನು ತಾವೇ ನಿರ್ಮಿಸಿದರು. 1484ರಲ್ಲಿ ಕಾನ್‌ಸ್ಟನ್ಸ್ ಸರೋವರದ ಉತ್ತರಕ್ಕಿರುವ ರಾವೆನ್ಸ್‌ಬರ್ಗ್ ಪಟ್ಟಣದ ಸುತ್ತಿನಲ್ಲಿ ಆಲಿಕಲ್ಲು ಬಿದ್ದು ಬೆಳೆಗಳೂ ದ್ರಾಕ್ಷಿತೋಟಗಳೂ ನಾಶವಾದುವು. ಅದಕ್ಕೆ ಹೊಣೆಯೆಂದು ಇಬ್ಬರು ಹೆಂಗಸರನ್ನು ಹಿಡಿದು, ತಪ್ಪೊಪ್ಪಿಗೆಯನ್ನು ಪಡೆದು ಸುಟ್ಟರು. ಆ ವಿಚಾರಣೆಯನ್ನು ನಡೆಸಿದ ಹೈನ್ರಿಖ್ ಕ್ರಾಮರ್ ಎಂಬ ಪಾದ್ರಿ ಮಾಟಗಾತಿಯರ ದಮನವನ್ನು ಕುರಿತ ತನ್ನ ಕುಪ್ರಸಿದ್ಧ ಲ್ಯಾಟಿನ್ ಗ್ರಂಥದಲ್ಲಿ ಆಲಿಕಲ್ಲಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು ಈ ಪ್ರಸಂಗವನ್ನು ನಿದರ್ಶನವಾಗಿ ಕೊಟ್ಟಿದ್ದಾನೆ. ಇದೇ ಕ್ರಾಮರ್ 1485ರಲ್ಲಿ ಆಲ್ಪ್ಸ್‌ನ ನಡುವಿನ ಇನ್ಸ್‌ಬ್ರುಕ್ ನಗರದಲ್ಲಿ ಮತ್ತೊಂದು ವಿಚಾರಣೆಯನ್ನು ಆರಂಭಿಸಿದಾಗ, ಬ್ರಿಕ್ಸೆನ್ ನಗರದ ಬಿಷಪ್ ಗೇಯೋರ್ಗ್ ಗೋಲ್ಸರ್ ಅದನ್ನು ನಿಲ್ಲಿಸಿ, ಬಂದಿಗಳನ್ನು ಬಿಡಿಸಿ, ಅವನಿಗೆ ಊರನ್ನು ಬಿಟ್ಟು ಹೋಗುವಂತೆ ತಿಳಿಸಿದನೆಂಬುದೂ ಸ್ಮರಣೀಯ. ವಿವೇಕಿಗಳು ಆ ಕಾಲದಲ್ಲಿಯೂ ಇದ್ದರು. ಅವರ ಸಂಖ್ಯೆ ಸಾಲದಾಗಿದ್ದಿತು.

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಬೇಸಗೆಗಳು ತಂಪಾಗಿ, ಬೆಳೆಹಾನಿ ಪದೇ ಪದೇ ಸಂಭವಿಸಿತು. 'ಕಿರಿಯ ಹಿಮಯುಗ'ವೆಂದು ಈಗ ಕರೆಯಲ್ಪಡುವ ಅವಧಿಯ ಅತ್ಯಂತ ಕಠಿನವಾದ ದಶಕಗಳಲ್ಲಿ ಅದೂ ಒಂದು. 1562ರ ಆಗಸ್ಟ್ 3ರಂದು ಆಲ್ಪ್ಸ್‌ನ ಉತ್ತರಕ್ಕಿರುವ ನೈಋತ್ಯ ಜರ್ಮನಿಯಲ್ಲಿ ಭಯಂಕರವಾದ ಆಲಿಕಲ್ಲಿನ ಮಳೆ ಬಿದ್ದಿತು. ಅದರ ಬೆನ್ನಲ್ಲಿಯೇ ವೀಸನ್‌ಸ್ಟೈಗ್ ಎಂಬ ಸಣ್ಣ ಸಂಸ್ಥಾನದಲ್ಲಿ ವಿಚಾರಣೆಗಳು ಆರಂಭವಾಗಿ, 63 ಮಂದಿ ಸ್ತ್ರೀಯರು ಸುಡಲ್ಪಟ್ಟರೆಂದು 1563ರ ಒಂದು ಕರಪತ್ರ ತಿಳಿಸುತ್ತದೆ. ಹವೆಯ ಏರುಪೇರಿಗೂ ಈ ಹತ್ಯಾಕಾಂಡಗಳಿಗೂ ಇರುವ ಸಂಬಂಧವನ್ನು ಜರ್ಮನ್ ಇತಿಹಾಸಕಾರ ವೋಲ್ಫ್‌ಗಾಂಗ್ ಬೇರಿಂಗರ್ ವಿಸ್ತಾರವಾಗಿ ವಿವೇಚಿಸಿದ್ದಾರೆ.

4

ಅಪರಾಧಿಯನ್ನು ಹುಡುಕುವುದರ ಜೊತೆಗೆ ಪರಿಹಾರವನ್ನು ಹುಡುಕುವ ಪ್ರಯತ್ನವೂ ನಡೆದೇ ಇದ್ದಿತು. ಅವುಗಳಲ್ಲಿ ಅತ್ಯಂತ ವ್ಯಾಪಕವಾದುದು ಚರ್ಚಿನ ಗಂಟೆಯನ್ನು ಬಾರಿಸುವ ಪದ್ಧತಿ. 789ರಷ್ಟು ಹಿಂದೆಯೇ ದೊರೆ ಚಾರ್ಲ್‌ಮೇನ್ ಆಲಿಕಲ್ಲನ್ನು ತಡೆಯಲೆಂದು ಗಂಟೆಗಳಿಗೆ ದೀಕ್ಷಾಸ್ನಾನ ಮಾಡಿಸುವುದನ್ನೂ, ಕಂಬಗಳಿಗೆ ಬರಹದ ಚೀಟಿಗಳನ್ನು ಕಟ್ಟುವುದನ್ನೂ ನಿಷೇಧಿಸಿದ್ದನು. ಆದರೂ ಆ ಪದ್ಧತಿ ಬೆಳೆಯುತ್ತಲೇ ಹೋಯಿತು. ಸಿಡಿಲನ್ನು ಮುರಿಯುವೆನೆಂಬ ಅರ್ಥದ ಬರಹವನ್ನು ಗಂಟೆಗಳ ಮೇಲೆಯೇ ಎರಕಹೊಯ್ಯುತ್ತಿದ್ದರು. ಗಂಟೆಯ ಪವಿತ್ರತೆಯಿಂದ ದುಷ್ಟಶಕ್ತಿಗಳು ಓಡುತ್ತವೆಂದು ಕೆಲವರೂ, ಅದರ ನಾದದಿಂದ ಗಾಳಿ ಕಲಕಿ ಮೋಡ ಚದರುತ್ತದೆಂದು ಮತ್ತೆ ಕೆಲವರೂ ಕಾರಣವನ್ನು ಹೇಳುತ್ತಿದ್ದರು. ಕಾರಣ ಬದಲಾದರೂ ಆಚಾರ ಬದಲಾಗಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಈ ಆಚಾರದ ಮುಂದೆ ಮೊದಲ ಬಾರಿಗೆ ಒಂದು ಲೆಕ್ಕ ಬಂದು ನಿಂತಿತು. 1784ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಫಿಷರನ ಗ್ರಂಥದ ಪ್ರಕಾರ 33 ವರ್ಷಗಳಲ್ಲಿ 386 ಚರ್ಚುಗೋಪುರಗಳಿಗೆ ಸಿಡಿಲು ಬಡಿದು, ಗಂಟೆಯ ಹಗ್ಗವನ್ನು ಹಿಡಿದಿದ್ದ 103 ಮಂದಿ ಸತ್ತಿದ್ದರು. ಊರಿನ ಅತ್ಯುನ್ನತವಾದ ಕಟ್ಟಡದ ಕೆಳಗೆ, ಒದ್ದೆಯಾದ ಹಗ್ಗವನ್ನು ಹಿಡಿದು, ಸಿಡಿಲಿನ ವೇಳೆಯಲ್ಲಿ ನಿಲ್ಲುವುದರ ಫಲ ಇದು. ಅದೇ ದಶಕದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಯೋಸೆಫ್ ಮೊದಲಾದವರು ಈ ಪದ್ಧತಿಯನ್ನು ಶಾಸನದ ಮೂಲಕ ನಿಷೇಧಿಸಿದರು. ಹಳ್ಳಿಯ ಜನ ಸುಲಭವಾಗಿ ಒಪ್ಪಲಿಲ್ಲ, ಹಲವೆಡೆ ಪ್ರತಿಭಟಿಸಿದರು. ಅವರ ಮನಸ್ಸನ್ನು ನಾವು ಅರ್ಥಮಾಡಿಕೊಳ್ಳಬೇಕು. ಗಂಟೆ ಬಾರಿಸುವುದರಿಂದ ಬಾರಿಸುವವನಿಗೆ ಅಪಾಯವಿದೆಯೆಂಬುದನ್ನು ಆ ಲೆಕ್ಕ ತೋರಿಸಿತು. ಅದರಿಂದ ಬೆಳೆ ಉಳಿಯುವುದಿಲ್ಲವೆಂಬುದನ್ನು ಅದು ತೋರಿಸಲಿಲ್ಲ. ಗಂಟೆಗಾರನು ಸತ್ತರೂ ತೋಟ ಉಳಿಯಿತಲ್ಲವೇ ಎಂದು ರೈತನು ಕೇಳಿದ್ದರೆ, ಫಿಷರನ ಗ್ರಂಥದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

5

ಇದೇ ಕಾಲದಲ್ಲಿ ಬೇರೊಂದು ಬಗೆಯ ಕೆಲಸ ಪರ್ವತಗಳ ಮೇಲೆ ಸದ್ದಿಲ್ಲದೆ ಆರಂಭವಾಯಿತು. ಮಳೆಗಾಳಿಯನ್ನು ತಡೆಯುವ ಆತುರವಿಲ್ಲದೆ, ಅದು ಹೇಗೆ ನಡೆಯುತ್ತದೆಂಬುದನ್ನು ಮಾತ್ರ ನೋಡಿ ಬರೆದಿಡುವ ಕೆಲಸ ಅದು. ಅದರ ಆದ್ಯರಲ್ಲಿ ಜಿನೀವಾ ನಗರದ ಒರಾಸ್ ಬೆನೆಡಿಕ್ಟ್ ದ ಸೊಸೂರ್ ಎಂಬ ವಿದ್ವಾಂಸನು (1740-1799) ಗಣ್ಯನು. 1767ರಲ್ಲಿ ಗೆಳೆಯರೊಡನೆ ಬ್ರೆವಾಂ ಶಿಖರದ ಮೇಲಿದ್ದಾಗ ಮೋಡ ಕವಿದು, ಚಾಚಿದ ಬೆರಳ ತುದಿಗಳಲ್ಲಿ ಚುಚ್ಚಿದಂತಾದುದನ್ನೂ, ಸಂಗಡಿಗನ ಟೋಪಿಯ ಚಿನ್ನದ ಅಲಂಕಾರದಿಂದ ಗುಂಯ್ ಎಂಬ ಸದ್ದು ಹೊರಟುದನ್ನೂ ಗಮನಿಸಿ, ಇದು ಗುಡುಗುಮೋಡದ ವಿದ್ಯುತ್ತೆಂದು ಗುರುತಿಸಿದನು. 1771ರಲ್ಲಿ ಜಿನೀವಾದಲ್ಲಿ ತನ್ನ ಮನೆಗೆ ಸಿಡಿಲಕಂಬಿಯನ್ನು ನಿಲ್ಲಿಸಿದಾಗ ನೆರೆಹೊರೆಯವರು ಗಾಬರಿಗೊಂಡುದರಿಂದ, ಅದರ ಉಪಯೋಗವನ್ನು ವಿವರಿಸುವ ಒಂದು ಕಿರುಹೊತ್ತಗೆಯನ್ನೂ ಬರೆದು ಹಂಚಿದನು. 1787ರ ಆಗಸ್ಟ್ 3ರಂದು ಮಾಂಟ್ ಬ್ಲಾಂಕ್ ಶಿಖರವನ್ನು ಏರಿದನು. 1788ರ ಜುಲೈ ತಿಂಗಳಲ್ಲಿ ಮಗನೊಡನೆ ಸುಮಾರು 3,360 ಮೀಟರು ಎತ್ತರದ ಕೋಲ್ ದ್ಯು ಜೆಯಾಂ ಎಂಬ ಹಿಮದ ಕಣಿವೆಯಲ್ಲಿ ಎರಡು ವಾರಗಳಿಗೂ ಹೆಚ್ಚು ಕಾಲ ತಂಗಿದ್ದು, ಬಿರುಗಾಳಿಗಳ ನಡುವೆ ವಾಯುಭಾರ, ಉಷ್ಣತೆ, ತೇವಗಳನ್ನು ಹಗಲಿರುಳೂ ಅಳೆದನು. ಅದೇ ವೇಳೆಗಳಲ್ಲಿ ಶಾಮೊನಿ ಕಣಿವೆಯಲ್ಲಿಯೂ ಜಿನೀವಾದಲ್ಲಿಯೂ ಅಳತೆಗಳು ನಡೆಯುವಂತೆ ಏರ್ಪಡಿಸಿದ್ದನು. ಒಂದೇ ಕಾಲದಲ್ಲಿ ಎರಡು ಸ್ಥಳಗಳನ್ನು ಹೋಲಿಸದೆ ಯಾವ ಅಳತೆಗೂ ಅರ್ಥವಿಲ್ಲವೆಂಬುದನ್ನು ಅವನು ಬಲ್ಲವನಾಗಿದ್ದನು.

ಈ ಕೆಲಸವನ್ನು ಮುಂದುವರಿಸಿದವರಲ್ಲಿ ಸಂನ್ಯಾಸಿಗಳ ಪಾತ್ರ ಹಿರಿದು. ಬವೇರಿಯಾದ ಹೋಹೆನ್‌ಪೈಸನ್‌ಬರ್ಗ್ ಬೆಟ್ಟದ ಮೇಲೆ 1781ರ ಜನವರಿ 1ರಿಂದ ಮಠವಾಸಿಗಳು ದಿನವಹಿಯನ್ನು ಬರೆಯತೊಡಗಿದರು. 2,469 ಮೀಟರು ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟದ ಧರ್ಮಶಾಲೆಯಲ್ಲಿ ಜಿನೀವಾದ ಪಿಕ್ಟೆಯ ಪ್ರೇರಣೆಯಿಂದ 1817ರಲ್ಲಿ ವೀಕ್ಷಣೆ ಆರಂಭವಾಯಿತು. 1882ರಲ್ಲಿ ಸ್ವಿಟ್ಸರ್ಲೆಂಡಿನ ಸೆಂಟಿಸ್ ಪರ್ವತದಲ್ಲಿಯೂ, 1886ರಲ್ಲಿ ಆಸ್ಟ್ರಿಯಾದ 3,106 ಮೀಟರು ಎತ್ತರದ ಸೋನ್‌ಬ್ಲಿಕ್ ಶಿಖರದಲ್ಲಿಯೂ ವೀಕ್ಷಣಾಲಯಗಳು ತೆರೆದುವು. ಆಲ್ಪ್ಸ್ ಕಣಿವೆಗಳಿಗೆ ಇಳಿಯುವ ಫೋನ್ ಎಂಬ ಬಿಸಿಗಾಳಿ ಸಹರಾ ಮರುಭೂಮಿಯಿಂದ ಬರುತ್ತದೆಂದು ಅನೇಕರು ನಂಬಿದ್ದ ಕಾಲದಲ್ಲಿ, ಆಸ್ಟ್ರಿಯಾದ ಯೂಲಿಯುಸ್ ಹಾನ್ 1866ರಲ್ಲಿ ಅದನ್ನು ಅಲ್ಲಗಳೆದು, ಪರ್ವತವನ್ನು ದಾಟಿ ಇಳಿಯುವಾಗ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆಂದು ತೋರಿಸಿದನು. ಅಂಥ ಸಿದ್ಧಾಂತಗಳಿಗೆ ಬಲವನ್ನು ಕೊಟ್ಟುದು ಕಣಿವೆ ಶಿಖರಗಳೆರಡರಲ್ಲಿಯೂ ಸಂಗ್ರಹವಾಗಿದ್ದ ಅಂಕಿಗಳು. ಆದರೆ ಈ ದಿನವಹಿಗಳಿಂದ ದ್ರಾಕ್ಷಿ ಬೆಳೆಯುವವನ ಒಂದು ಗೊಂಚಲೂ ಉಳಿಯುತ್ತಿರಲಿಲ್ಲ. ವಿದ್ವಾಂಸನು ಕಾಯಬಲ್ಲನು, ರೈತನು ಕಾಯಲಾರನು.

6

ಕಾಯಲಾರದ ರೈತನ ಕಥೆಯೇ ಫಿರಂಗಿಗಳ ಕಥೆ. ಮೋಡಗಳಿಗೆ ಗುಂಡು ಹಾರಿಸುವ ರೂಢಿ ಆಸ್ಟ್ರಿಯಾದ ಪರ್ವತ ಪ್ರಾಂತಗಳಲ್ಲಿ ಹಳೆಯದು. ಒಂದು ಊರಿನವರು ಹಾರಿಸಿದ ಗುಂಡಿನಿಂದ ಆಲಿಕಲ್ಲು ತಮ್ಮೂರಿಗೆ ತಿರುಗಿತೆಂದು ನೆರೆಯೂರಿನವರು ಜಗಳವಾಡುತ್ತಿದ್ದುದರಿಂದ, ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಮರಿಯಾ ಥೆರೇಸಾ ರಾಣಿಯ ಸರ್ಕಾರ ಅದನ್ನು ನಿಷೇಧಿಸಿದ್ದಿತು. 1896ರಲ್ಲಿ ಈ ರೂಢಿಗೆ ಹೊಸ ರೂಪ ಬಂದಿತು. ಆಗ ಆಸ್ಟ್ರಿಯಾ ಸಾಮ್ರಾಜ್ಯದ ಸ್ಟೀರಿಯಾ ಪ್ರಾಂತಕ್ಕೆ ಸೇರಿದ್ದ, ಈಗ ಸ್ಲೊವೇನಿಯಾ ದೇಶದಲ್ಲಿ ಸ್ಲೊವೆನ್ಸ್ಕಾ ಬಿಸ್ಟ್ರಿಟ್ಸಾ ಎಂಬ ಹೆಸರಿನಿಂದ ಇರುವ ವಿಂಡಿಷ್ ಫೈಸ್ಟ್ರಿಟ್ಸ್ ಪಟ್ಟಣ ಆಲ್ಪ್ಸ್‌ನ ಪೂರ್ವದ ಅಂಚಿನಲ್ಲಿ, ಪೊಹೋರ್ಯೆ ಬೆಟ್ಟಗಳ ಬುಡದಲ್ಲಿದೆ. ಅಲ್ಲಿಯ ಪುರಾಧ್ಯಕ್ಷನೂ ದ್ರಾಕ್ಷಿತೋಟಗಳ ಒಡೆಯನೂ ಆಗಿದ್ದ ಆಲ್ಬರ್ಟ್ ಸ್ಟೀಗರ್ ತೋಟಗಳ ಸುತ್ತ ಎತ್ತರದ ಸ್ಥಳಗಳಲ್ಲಿ ಫಿರಂಗಿಗಳನ್ನು ನಿಲ್ಲಿಸಿ, ಗುಡುಗುಮೋಡ ಕಾಣಿಸಿದೊಡನೆ ಹಾರಿಸುವ ವ್ಯವಸ್ಥೆಯನ್ನು ಮಾಡಿದನು. ಫಿರಂಗಿಯ ಬಾಯಿಗೆ ತಗಡಿನ ದೊಡ್ಡ ಆಲಿಕೆಯನ್ನು ಜೋಡಿಸಲಾಗಿದ್ದಿತು. ಮದ್ದು ಸಿಡಿದಾಗ ಹೊಗೆಯ ಬಳೆಯೊಂದು ಸಿಳ್ಳು ಹಾಕುತ್ತಾ ಮೇಲೇರುತ್ತಿದ್ದಿತು. 1896 ಮತ್ತು 1897ರ ಬೇಸಗೆಗಳಲ್ಲಿ ಅವನ ಊರಿಗೆ ಆಲಿಕಲ್ಲಿನ ಹಾನಿ ತಟ್ಟಲಿಲ್ಲ.

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಉತ್ತರ ಇಟಲಿಯ ತಪ್ಪಲು ಪ್ರಾಂತಗಳಲ್ಲಿ 1900ರ ಹೊತ್ತಿಗೆ ಸುಮಾರು 10,000 ಫಿರಂಗಿಗಳು ಎದ್ದುನಿಂತುವು. 1899ರಲ್ಲಿ ಕಸಾಲೆ ಮೊನ್ಫೆರ್ರಾತೊ ಪಟ್ಟಣದಲ್ಲಿಯೂ, 1900ರಲ್ಲಿ ಪಾದುವಾದಲ್ಲಿಯೂ, 1901ರಲ್ಲಿ ಲಿಯಾನ್‌ನಲ್ಲಿಯೂ ಸಮ್ಮೇಳನಗಳು ಸೇರಿದುವು. ಸಾವಿರ ವರ್ಷಗಳ ಹಿಂದೆ ಅಗೋಬಾರ್ಡನು ಕಣ್ಣಾರೆ ಕಂಡ ಒಬ್ಬ ಸಾಕ್ಷಿಗಾಗಿ ಹುಡುಕಾಡಿದ ಲಿಯಾನ್ ನಗರದಲ್ಲಿಯೇ ಈಗ ಅಂಥ ಸಾಕ್ಷಿಗಳ ಸಮ್ಮೇಳನ ಸೇರಿತು. ಗುಂಡು ಹಾರಿಸಿದೊಡನೆ ಮೋಡ ಒಡೆದುದನ್ನು, ಆಲಿಕಲ್ಲು ಮೆದುವಾದ ಹಿಮವಾಗಿ ಬಿದ್ದುದನ್ನು ತಾವೇ ಕಂಡೆವೆಂದು ಹೇಳುವ ರೈತರಿಗೆ ಕೊರತೆಯಿರಲಿಲ್ಲ. ಅವರು ಸುಳ್ಳುಗಾರರಲ್ಲ, ಕಂಡುದನ್ನೇ ಹೇಳಿದರು. ಮೊದಲನೆಯ ಪ್ರಶ್ನೆ ಇಲ್ಲಿ ನಿಷ್ಪ್ರಯೋಜಕವಾಯಿತು.

ಇದು ಹೇಗೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ಒಂದು ಹಳ್ಳಿಗೆ ಸರಾಸರಿ ನಾಲ್ಕು ವರ್ಷಗಳಿಗೊಮ್ಮೆ ಆಲಿಕಲ್ಲು ಬೀಳುತ್ತದೆಂದು ಇಟ್ಟುಕೊಳ್ಳೋಣ. ಯಾವುದೇ ಒಂದು ವರ್ಷ ಅದು ಬೀಳದೆ ಇರುವ ಸಂಭವ ನಾಲ್ಕರಲ್ಲಿ ಮೂರು. ಸತತವಾಗಿ ಎರಡು ವರ್ಷ ಬೀಳದೆ ಇರುವ ಸಂಭವ ಹದಿನಾರರಲ್ಲಿ ಒಂಬತ್ತು. ಆದುದರಿಂದ ಇಂಥ 100 ಹಳ್ಳಿಗಳು ಫಿರಂಗಿಗಳನ್ನು ಇಟ್ಟುಕೊಂಡರೆ, ಫಿರಂಗಿಗಳಿಂದ ಏನೂ ಆಗದಿದ್ದರೂ, ಎರಡು ವರ್ಷಗಳ ಅನಂತರ ಸುಮಾರು 56 ಹಳ್ಳಿಗಳು ತಾವು ಪಾರಾದೆವೆಂದು ಪ್ರಾಮಾಣಿಕವಾಗಿ ಸಾಕ್ಷಿ ನುಡಿಯುತ್ತವೆ. ಉಳಿದ 44 ಹಳ್ಳಿಗಳವರು ಗುಂಡು ಹಾರಿಸಿದುದು ತಡವಾಯಿತು, ಮದ್ದು ಸಾಲದಾಯಿತು, ಫಿರಂಗಿಗಳ ನಡುವೆ ಅಂತರ ಹೆಚ್ಚಾಯಿತು ಎಂದು ಕಾರಣ ಹೇಳಿ ಸುಮ್ಮನಾಗುತ್ತಾರೆ. ನಮ್ಮ ಹಿರಿಯರು ಇದನ್ನೇ ಕಾಕತಾಳೀಯವೆಂದು ಕರೆದರು. ಕಾಗೆ ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಎರಡೂ ನಿಜವೇ. ಸಂಬಂಧ ಮಾತ್ರ ನಿಜವಲ್ಲ.

ವಿಯೆನ್ನಾದ ಪೆರ್ನ್ಟರ್ ಮೊದಲಾದ ಹವಾವಿಜ್ಞಾನಿಗಳು ಈ ಫಿರಂಗಿಗಳ ಹೊಗೆಯ ಬಳೆ ಕೆಲವು ನೂರು ಮೀಟರುಗಳಿಗಿಂತ ಮೇಲೆ ಹೋಗುವುದಿಲ್ಲವೆಂದು ಕಂಡುಕೊಂಡಿದ್ದರು. ಆಲಿಕಲ್ಲು ಹುಟ್ಟುವುದು ಅದಕ್ಕಿಂತ ಎಷ್ಟೋ ಎತ್ತರದಲ್ಲಿ. ಮದ್ದಿನ ಅಪಘಾತಗಳಲ್ಲಿ ಜೀವಹಾನಿಯೂ ಆಗುತ್ತಿದ್ದಿತು. ಆದರೂ ಕೇವಲ ತರ್ಕದಿಂದ ಈ ಉತ್ಸಾಹವನ್ನು ತಗ್ಗಿಸುವಂತಿರಲಿಲ್ಲ. ಕಡೆಗೆ 1902ರಲ್ಲಿ ಗ್ರಾಟ್ಸ್ ನಗರದಲ್ಲಿ ಸೇರಿದ ಸಮ್ಮೇಳನದ ಹಿನ್ನೆಲೆಯಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಸರ್ಕಾರಗಳು ವ್ಯವಸ್ಥಿತವಾದ ಪರೀಕ್ಷೆಯನ್ನು ಕೈಗೊಂಡುವು. ಒಂದು ಪರೀಕ್ಷಾಕ್ಷೇತ್ರ ಸ್ಟೀಗರನ ವಿಂಡಿಷ್ ಫೈಸ್ಟ್ರಿಟ್ಸ್. ಅಲ್ಲಿ ಸುಮಾರು 40 ಫಿರಂಗಿಗಳು. ಮತ್ತೊಂದು ಇಟಲಿಯ ವೆನೆತೊ ಪ್ರಾಂತದ ಕಾಸ್ತೆಲ್‌ಫ್ರಾಂಕೊ. ಅಲ್ಲಿ 200ಕ್ಕೂ ಹೆಚ್ಚು. ಫಿರಂಗಿಗಳು ಸಾಲದಾದುವೆಂದಾಗಲಿ, ಹಾರಿಸಿದುದು ತಡವಾಯಿತೆಂದಾಗಲಿ ಮುಂದೆ ಯಾರೂ ಹೇಳದಂತೆ ಎಚ್ಚರ ವಹಿಸಲಾಯಿತು. 1902ರಿಂದ 1904ರವರೆಗೆ ಪರೀಕ್ಷೆ ನಡೆಯಿತು. ಎರಡು ಕ್ಷೇತ್ರಗಳಲ್ಲಿಯೂ ಫಿರಂಗಿಗಳು ಮೊರೆಯುತ್ತಿರುವಾಗಲೇ ಆಲಿಕಲ್ಲು ಬಿದ್ದು ಬೆಳೆ ಹಾಳಾಯಿತು. 1905ರ ವೇಳೆಗೆ ಆ ಚಳವಳಿ ಕುಸಿದುಬಿದ್ದಿತು.

ಈ ಪರೀಕ್ಷೆಯನ್ನು ಸೋಲಿನ ಕಥೆಯೆಂದು ನೋಡುವುದು ಸರಿಯಲ್ಲ. ಗೆಲ್ಲಬಹುದಾದಂತೆಯೇ ಸೋಲಲೂಬಹುದಾದ ರೀತಿಯಲ್ಲಿ ಒಂದು ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಆ ಸೀಮೆಯ ಜನ ಮುಂದಾದರು. ಮಾಟಗಾತಿಯ ವಿಷಯದಲ್ಲಿ ಇಂಥ ಒರೆಗಲ್ಲು ಇರಲಿಲ್ಲ. ಅವಳು ಒಪ್ಪಿಕೊಂಡರೆ ಅಪರಾಧಿ, ಒಪ್ಪಿಕೊಳ್ಳದಿದ್ದರೆ ಹಟಮಾರಿಯಾದ ಅಪರಾಧಿ.

7

ಫಿರಂಗಿಗಳು ಮೌನವಾದರೂ ಆಶೆ ಅಳಿಯಲಿಲ್ಲ. ಬೆಳ್ಳಿಯ ಅಯೊಡೈಡಿನ ಕಣಗಳಿಂದ ಮೋಡದ ನೀರನ್ನು ಹೆಪ್ಪುಗಟ್ಟಿಸಬಹುದೆಂಬುದು 1946ರಲ್ಲಿ ಅಮೆರಿಕದಲ್ಲಿ ಕಂಡುಬಂದ ಮೇಲೆ ಹೊಸ ಪ್ರಯತ್ನಗಳು ಆರಂಭವಾದುವು. ಆದರೆ ಆಲ್ಪ್ಸ್ ಸೀಮೆಯವರು ಈ ಸಲ ಪರೀಕ್ಷೆಯನ್ನು ಮೊದಲೇ ಇಟ್ಟುಕೊಂಡರು. ಸ್ವಿಟ್ಸರ್ಲೆಂಡಿನ ಟಿಚಿನೊ ಪ್ರಾಂತದಲ್ಲಿ 1957ರಿಂದ 1963ರವರೆಗೆ ನಡೆದ ಪ್ರಯೋಗದಲ್ಲಿ, ಆಲಿಕಲ್ಲು ಬೀಳಬಹುದಾದ ದಿನಗಳಲ್ಲಿ ಯಾವ ದಿನ ಕಣಗಳನ್ನು ಬಿಡಬೇಕು, ಯಾವ ದಿನ ಬಿಡಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಕಣಗಳನ್ನು ಬಿಟ್ಟ ದಿನಗಳಲ್ಲಿಯೇ ಆಲಿಕಲ್ಲು ಹೆಚ್ಚಾಗಿ ಬಿದ್ದುದು ಕಂಡುಬಂದಿತು. ಮಧ್ಯ ಸ್ವಿಟ್ಸರ್ಲೆಂಡಿನ ನಾಪ್ಫ್ ಬೆಟ್ಟಗಳ ಸುತ್ತಿನಲ್ಲಿ ಸ್ವಿಟ್ಸರ್ಲೆಂಡ್, ಫ್ರಾನ್ಸ್, ಇಟಲಿ ದೇಶಗಳ ಸಹಕಾರದಿಂದ 1977ರಿಂದ 1981ರವರೆಗೆ ಸೋವಿಯತ್ ಮಾದರಿಯ ರಾಕೆಟ್ಟುಗಳಿಂದ ನಡೆಸಿದ ಮತ್ತೊಂದು ಪ್ರಯೋಗದಲ್ಲಿ ಯಾವ ಪರಿಣಾಮವೂ ಸಿದ್ಧಪಡಲಿಲ್ಲ. ಇಂದು ಆ ಸೀಮೆಯ ಬೆಳೆಗಾರರಲ್ಲಿ ಅನೇಕರು ವಿಮೆಯನ್ನೂ, ದಕ್ಷಿಣ ಟಿರೋಲಿನ ಸೇಬಿನ ತೋಟಗಳಲ್ಲಿ ಕಾಣುವಂತೆ ಗಿಡಗಳ ಮೇಲೆ ಹರಡುವ ಬಲೆಯನ್ನೂ ಆಶ್ರಯಿಸಿದ್ದಾರೆ. ಬಲೆ ಆಲಿಕಲ್ಲನ್ನು ನಿಲ್ಲಿಸುವುದಿಲ್ಲ. ಹಣ್ಣಿಗೆ ತಗುಲದಂತೆ ಮಾಡುತ್ತದೆ. ಆದರೂ ಆಲಿಕಲ್ಲಿನ ಫಿರಂಗಿಗಳು ಹೊಸ ರೂಪದಲ್ಲಿ ಈಗಲೂ ಹಲವು ದೇಶಗಳಲ್ಲಿ ಮಾರಾಟವಾಗುತ್ತಿವೆ ಎಂಬುದನ್ನು ಮರೆಯುವಂತಿಲ್ಲ.

ಯಾರ ಬೆಳೆಯನ್ನೂ ಉಳಿಸದಿದ್ದ ಸಂನ್ಯಾಸಿಗಳ ದಿನವಹಿಗಳು ಏನಾದುವು? ಆಲ್ಪ್ಸ್ ಸೀಮೆಯ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದ ಈಚೆಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆಯೆಂದು ಇಂದು ವಿಜ್ಞಾನಿಗಳು ನಿಸ್ಸಂದೇಹವಾಗಿ ಹೇಳಬಲ್ಲವರಾಗಿರುವುದು ಹೋಹೆನ್‌ಪೈಸನ್‌ಬರ್ಗ್, ಗ್ರೇಟ್ ಸೇಂಟ್ ಬರ್ನಾರ್ಡ್, ಸೋನ್‌ಬ್ಲಿಕ್ ಮೊದಲಾದ ಸ್ಥಳಗಳ ದೀರ್ಘವಾದ ದಾಖಲೆಗಳ ಬಲದಿಂದ. ಫಲವನ್ನು ಅಪೇಕ್ಷಿಸದೆ ಬರೆದಿಟ್ಟುದೇ ಕಡೆಗೆ ಹೆಚ್ಚಿನ ಫಲವನ್ನು ಕೊಟ್ಟಿತು.

ಈ ಚರಿತ್ರೆ ನಮಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ಮಳೆ ಹಿಂದೆಗೆದಾಗ ನಮ್ಮ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುವ ಆಚಾರವುಂಟು. ಅದೇ ಸಂಕಟದ ಕಾಲದಲ್ಲಿ 2003ರಲ್ಲಿ 'ವರುಣ' ಎಂಬ ಹೆಸರಿನಿಂದಲೂ, 2017ರಲ್ಲಿ 'ವರ್ಷಧಾರಿ' ಎಂಬ ಹೆಸರಿನಿಂದಲೂ ಕರ್ನಾಟಕ ಸರ್ಕಾರ ವಿಮಾನಗಳ ಮೂಲಕ ಮೋಡಬಿತ್ತನೆಯನ್ನು ನಡೆಸಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಒಂದು ಪ್ರಾರ್ಥನೆ, ಇನ್ನೊಂದು ಭೌತವಿಜ್ಞಾನದ ಆಧಾರವುಳ್ಳ ಪ್ರಯತ್ನ. ಆದರೆ ಮಳೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಎರಡಕ್ಕೂ ಒಂದೇ: ಹೀಗೆ ಮಾಡದೆ ಇದ್ದಿದ್ದರೆ ಎಷ್ಟು ಮಳೆ ಬರುತ್ತಿದ್ದಿತು? ನಮ್ಮ ತರ್ಕಶಾಸ್ತ್ರಕಾರರು ಇದನ್ನು ಅನ್ವಯ ವ್ಯತಿರೇಕಗಳೆಂದು ಎಂದೋ ಹೆಸರಿಸಿದ್ದಾರೆ. ಕಾರಣವಿದ್ದಾಗ ಕಾರ್ಯವಾಯಿತೆಂದು ತೋರಿಸಿದರೆ ಸಾಲದು. ಕಾರಣವಿಲ್ಲದಾಗ ಕಾರ್ಯವಾಗಲಿಲ್ಲವೆಂದೂ ತೋರಿಸಬೇಕು.

ಇತಿಹಾಸಕಾರನ ಕೆಲಸವೂ ಇದಕ್ಕಿಂತ ಬೇರೆಯಲ್ಲ. ಒಂದು ಯುದ್ಧದ ಅಥವಾ ಒಂದು ಶಾಸನದ ಫಲವನ್ನು ಕುರಿತು ತೀರ್ಪು ಕೊಡುವಾಗ ನಾವು ಸಾಮಾನ್ಯವಾಗಿ ಅಗೋಬಾರ್ಡನ ಪ್ರಶ್ನೆಯಲ್ಲಿಯೇ ನಿಲ್ಲುತ್ತೇವೆ: ಸಮಕಾಲೀನ ಸಾಕ್ಷಿಯಿದೆಯೇ, ಅವನು ಕಣ್ಣಾರೆ ಕಂಡನೇ? ಆ ಪ್ರಶ್ನೆ ಅವಶ್ಯಕ. ಅದನ್ನು ಕೈಬಿಟ್ಟ ಶತಮಾನಗಳಲ್ಲಿ ಏನಾಯಿತೆಂಬುದನ್ನು ರಾವೆನ್ಸ್‌ಬರ್ಗಿನ ಬೂದಿ ಹೇಳುತ್ತದೆ. ಆದರೆ ಕಂಡವನು ಪ್ರಾಮಾಣಿಕನಾಗಿದ್ದೂ ತಪ್ಪು ತಿಳಿದಿರಬಹುದೆಂಬುದನ್ನು ವಿಂಡಿಷ್ ಫೈಸ್ಟ್ರಿಟ್ಸಿನ ದ್ರಾಕ್ಷಿತೋಟಗಳು ಕಲಿಸುತ್ತವೆ. ಈ ಎರಡು ಪಾಠಗಳನ್ನೂ ಒಟ್ಟಿಗೆ ಇಟ್ಟುಕೊಂಡು ದಾಖಲೆಗಳನ್ನು ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕಾಗಿದೆ.